ಮನೆಯೊಳಗಿನ ಪರದೇಶಿ ಸಸ್ಯಗಳ ನಾಮಶೋಧನೆ

ಅಂಗಳದಲ್ಲಿ ತುಲಸಿಯ ಬೃಂದಾವನ, ಹಿತ್ತಲಲ್ಲಿ ಬಾಳೆ, ಕರಿಬೇವು, ದಾಸವಾಳ, ಬೇಲಿಗೆ ಒಂದು ಮಲ್ಲಿಗೆಯ ಬಳ್ಳಿ: ಇವು ನಮ್ಮ ಸೀಮೆಯ ಗೃಹಸ್ಥರ ಮನೆಗಳಿಗೆ ಬಹುಕಾಲದ ಪರಿವಾರ. ಇವುಗಳ ಹೆಸರನ್ನು ಯಾರೂ ಗುರುಮುಖದಿಂದ ಕಲಿಯಬೇಕಾದುದಿಲ್ಲ. ಮಗುವಿಗೆ ಮಾತು ಬರುವಾಗಲೇ ಆ ಹೆಸರುಗಳೂ ಬರುತ್ತವೆ. ಪೂಜೆಗೋ ಅಡಿಗೆಗೋ ಮುಡಿಗೋ ಮದ್ದಿಗೋ ಒದಗದ ಗಿಡವು ಇವುಗಳಲ್ಲಿ ಒಂದೂ ಇಲ್ಲ. ಆದರೆ ಇವೆಲ್ಲವೂ ಹೊಸ್ತಿಲಿನ ಹೊರಗಿನವು. ಬಿಸಿಲು ಮಳೆಗಳು ತಾಗದ ಪಡಸಾಲೆಯ ಮೂಲೆಯಲ್ಲಿ ಗಿಡವನ್ನಿರಿಸಿ ಸಾಕುವ ಪದ್ಧತಿಯು ನಮ್ಮಲ್ಲಿ ಈಚಿನದು. ಹಾಗೆ ಸಾಕಲ್ಪಡುವ ಸಸ್ಯಗಳೂ ಬಹುಮಟ್ಟಿಗೆ ಈ ನೆಲದವಲ್ಲ.

ಇಂದು ಪಟ್ಟಣದ ಮನೆಯೊಂದನ್ನು ಹೊಕ್ಕರೆ ಕಿಟಕಿಯ ಬಳಿ ಒಂದು ಗಾಜಿನ ಸೀಸೆ. ಅದರಲ್ಲಿ ಬರಿಯ ನೀರು. ಆ ನೀರಿನಲ್ಲಿಯೇ ಬೇರುಬಿಟ್ಟು ಗೋಡೆಗುಂಟ ಹರಿದಿರುವ, ಹಸುರಿನಲ್ಲಿ ಹಳದಿಯ ಮಚ್ಚೆಗಳುಳ್ಳ ಬಳ್ಳಿ. ಬಾಗಿಲಿನ ಮಗ್ಗುಲಿಗೆ ಒಂದು ಕುಂಡ. ಅದರಲ್ಲಿ ಕತ್ತಿಗಳನ್ನು ನೆಟ್ಟಂತೆ ಸೆಟೆದು ನಿಂತ, ಹಾವಿನ ಮೈಯಂತೆ ಅಡ್ಡಪಟ್ಟೆಗಳುಳ್ಳ ಎಲೆಗಳು. ಇವುಗಳ ಹೆಸರೇನೆಂದು ಮನೆಯವರನ್ನು ಕೇಳಿದರೆ ಮೊದಲನೆಯದಕ್ಕೆ ‘ಮನಿಪ್ಲಾಂಟು’ ಎಂಬ ಉತ್ತರವು ಬರುವುದು. ಎರಡನೆಯದಕ್ಕೆ ಅನೇಕ ವೇಳೆ ನಗೆಯೇ ಉತ್ತರ. ಯಾವ ದೇಶದ್ದು, ಯಾವ ಕುಲದ್ದು, ಬಾಯಿಗೆ ಬಿದ್ದರೆ ಏನಾದೀತು ಎಂಬುದೊಂದನ್ನೂ ವಿಚಾರಿಸದೆ ಅವುಗಳಿಗೆ ಮನೆಯೊಳಗೆ ಎಡೆ ಕೊಟ್ಟಾಗಿದೆ. ಕನ್ನಡದಲ್ಲಿ ‘ಪರದೇಶಿ’ ಎಂಬ ಮಾತಿಗೆ ಹೊರನಾಡಿನವನು ಎಂಬ ಅರ್ಥದೊಡನೆ ದಿಕ್ಕಿಲ್ಲದವನು ಎಂಬ ಅರ್ಥವೂ ಕೂಡಿಕೊಂಡಿರುವುದು. ಈ ಗಿಡಗಳಿಗೆ ಎರಡೂ ಸಲ್ಲುತ್ತವೆ.

ಹೆಸರನ್ನೂ ರೂಪವನ್ನೂ ಬಲ್ಲುದೇ ಸಸ್ಯವನ್ನು ಬಲ್ಲುದಲ್ಲವೆಂಬ ವಿವೇಕವು ನಮ್ಮ ಹಿರಿಯರಿಗೆ ಇದ್ದಿತು. ಆಡು ಕಾಯುವವರೂ ದನ ಕಾಯುವವರೂ ವನವಾಸಿಗಳೂ ಗಿಡಮೂಲಿಕೆಗಳನ್ನು ನಾಮರೂಪಗಳಿಂದ ಅರಿತಿರುವರೆಂದೂ, ಅಷ್ಟರಿಂದಲೇ ಅವುಗಳ ತತ್ತ್ವವನ್ನು ತಿಳಿದಂತಾಗಲಿಲ್ಲವೆಂದೂ ಚರಕಸಂಹಿತೆಯ ಸೂತ್ರಸ್ಥಾನದ ಮೊದಲನೆಯ ಅಧ್ಯಾಯದಲ್ಲಿಯೇ ಹೇಳಿದೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದವೆಂಬ ಒಂದು ಅಧ್ಯಾಯವುಂಟು. ನೆಲದ ಗುಣ, ನೆಡುವ ಕಾಲ, ಗಿಡಗಳ ರೋಗ, ಅದಕ್ಕೆ ಚಿಕಿತ್ಸೆ ಮೊದಲಾದುವು ಅಲ್ಲಿ ಬಂದಿವೆ. ಆದರೆ ನೆಡುವವನಿಗೆ ತಾನು ನೆಡುವ ಗಿಡವು ಯಾವುದೆಂದು ತಿಳಿದಿರುವುದೆಂದೇ ಆ ಶಾಸ್ತ್ರವು ಎಣಿಸಿಕೊಂಡಿತು. ಸಮುದ್ರದಾಚೆಯ ಬಳ್ಳಿಯೊಂದು ಊರು ಹೆಸರುಗಳಿಲ್ಲದೆ ಮನೆಗೆ ಬಂದು ಕುಳಿತರೆ ಏನು ಮಾಡತಕ್ಕದ್ದೆಂಬ ಪ್ರಶ್ನೆಯು ಆ ಕಾಲಕ್ಕೆ ಏಳಲಿಲ್ಲ.

ಈ ಪ್ರಶ್ನೆಯನ್ನು ಎಬ್ಬಿಸಿದುದು ಒಂದು ಗಾಜಿನ ಪೆಟ್ಟಿಗೆ. ಲಂಡನ್ ನಗರದಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನಿದ್ದನು. ಕಲ್ಲಿದ್ದಲಿನ ಹೊಗೆಯಿಂದ ಅವನ ಹಿತ್ತಲಿನ ಜರೀಗಿಡಗಳೆಲ್ಲ ಸತ್ತುಹೋಗುತ್ತಿದ್ದುವು. 1829ನೆಯ ಇಸವಿಯ ಸುಮಾರಿಗೆ ಅವನು ಪತಂಗದ ಗೂಡೊಂದನ್ನು ಒದ್ದೆಮಣ್ಣಿನೊಡನೆ ಮುಚ್ಚಿದ ಸೀಸೆಯಲ್ಲಿಟ್ಟಿದ್ದನು. ಪತಂಗದ ಮಾತು ಹಾಗಿರಲಿ. ಆ ಮಣ್ಣಿನಿಂದ ಒಂದು ಜರೀಗಿಡವೂ ಒಂದು ಹುಲ್ಲೂ ತಾವಾಗಿಯೇ ಮೊಳೆತು, ಹೊರಗಿನ ನೀರು ಗಾಳಿಗಳ ಹಂಗಿಲ್ಲದೆ ವರ್ಷಗಟ್ಟಲೆ ಬದುಕಿದುವು. ಮಣ್ಣಿನ ತೇವವು ಹಗಲು ಆವಿಯಾಗಿ ಏರಿ, ಗಾಜಿಗೆ ತಗುಲಿ, ಹನಿಯಾಗಿ ಮರಳಿ ಮಣ್ಣಿಗೇ ಇಳಿಯುವುದೆಂಬುದನ್ನು ಅವನು ಕಂಡುಕೊಂಡನು. 1833ರಲ್ಲಿ ಇಂತಹ ಪೆಟ್ಟಿಗೆಗಳಲ್ಲಿ ಸಸ್ಯಗಳನ್ನಿಟ್ಟು ಹಡಗಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳುಹಿಸಲು ಅವು ಜೀವಸಹಿತ ಮುಟ್ಟಿದುವು. ಮರಳುವ ಹಡಗಿನಲ್ಲಿ ಆ ದೇಶದ ಸಸ್ಯಗಳು ಬಂದುವು. ಅದುವರೆಗೆ ಕಡಲಿನ ಉಪ್ಪುಗಾಳಿಗೆ ಸಿಕ್ಕಿ ನಡುದಾರಿಯಲ್ಲಿಯೇ ಸಾಯುತ್ತಿದ್ದ ಗಿಡಗಳು ಅಲ್ಲಿಂದಾಚೆಗೆ ಪ್ರಪಂಚವನ್ನೆಲ್ಲ ಸುತ್ತತೊಡಗಿದುವು. ಚಹದ ಸಸಿಗಳು ಚೀನಾದಿಂದ ಹಿಮಾಲಯದ ತಪ್ಪಲಿಗೆ ಬಂದುದು ಈ ಪೆಟ್ಟಿಗೆಗಳಲ್ಲಿ. ಕಾಡಿನ ನೆರಳಿನ ಎಲೆಗಿಡಗಳು ಯೂರೋಪಿನ ಶ್ರೀಮಂತರ ಕೊಠಡಿಗಳನ್ನು ಸೇರಿದುದೂ ಈ ವಿಧದಿಂದಲೇ. ನಮ್ಮ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಗಾಜಿನ ಮನೆಗೆ ಅಸ್ತಿವಾರವನ್ನಿಟ್ಟುದು 1889ರಲ್ಲಿ. ವಾರ್ಡನ ಪೆಟ್ಟಿಗೆಯೇ ಬೆಳೆದು ಮಂಟಪವಾಯಿತೆಂದರೂ ಸಲ್ಲುವುದು.

ವ್ಯಾಪಾರವು ವೇಗವಾಗಿ ನಡೆದಲ್ಲಿ ವಿದ್ಯೆಯು ಹಿಂದುಳಿಯುತ್ತದೆ. ಗಿಡಗಳನ್ನು ತಂದವರಿಗೆ ಅವು ಮಾರಾಟವಾಗಬೇಕಾಗಿದ್ದಿತು. ಹುಟ್ಟೂರನ್ನು ಬರೆದಿಡುವ ತಾಳ್ಮೆಯು ಎಲ್ಲರಲ್ಲಿಯೂ ಇರಲಿಲ್ಲ. ಮನಿಪ್ಲಾಂಟಿನ ಚರಿತ್ರೆಯನ್ನು ನೋಡಿದರೆ ಇದರ ಫಲವು ವಿಶದವಾಗುವುದು.

ಬೆಲ್ಜಿಯಂ ದೇಶದಲ್ಲಿ ಲಿಂಡನ್ ಎಂಬ ಪ್ರಸಿದ್ಧ ಸಸ್ಯವ್ಯಾಪಾರಿಯಿದ್ದನು. ತಾರುಣ್ಯದಲ್ಲಿ ಅಮೆರಿಕದ ಕಾಡುಗಳನ್ನು ಸುತ್ತಿ ಗಿಡಗಳನ್ನು ಸಂಗ್ರಹಿಸಿದವನು. ಅವನೂ ಫ್ರಾನ್ಸಿನ ಉದ್ಯಾನಶಿಲ್ಪಿ ಆಂದ್ರೆ ಎಂಬವನೂ ಸೇರಿ 1880ರಲ್ಲಿ, ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಿಂದ ಬಂದುದೆನ್ನಲಾದ ಒಂದು ಬಳ್ಳಿಯನ್ನು ವರ್ಣಿಸಿ ಅದಕ್ಕೆ ‘ಪೋಥೊಸ್ ಔರಿಯಸ್’ ಎಂದು ನಾಮಕರಣ ಮಾಡಿದರು. ‘ಔರಿಯಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಹೊನ್ನಿನದು. ‘ಪೋಥೊಸ್’ ಎಂಬುದಾದರೋ ಲ್ಯಾಟಿನೂ ಅಲ್ಲ, ಗ್ರೀಕೂ ಅಲ್ಲ. ಸಿಂಹಳದಲ್ಲಿ ಮರವೇರುವ ಒಂದು ಕಾಡುಬಳ್ಳಿಗೆ ಜನರು ಕರೆಯುತ್ತಿದ್ದ ಹೆಸರನ್ನೇ ಸ್ವೀಡನ್ನಿನ ಲಿನ್ನೇಯಸ್ ಪಂಡಿತನು 1753ರಲ್ಲಿ ಶಾಸ್ತ್ರಕ್ಕೆ ಎತ್ತಿಕೊಂಡಿದ್ದನು. ಹೀಗೆ ಪೆಸಿಫಿಕ್ ಸಾಗರದ ಬಳ್ಳಿಗೆ ಬೆಲ್ಜಿಯಂನಲ್ಲಿ ಸಿಂಹಳದ ಹೆಸರು ಬಿದ್ದಿತು.

ಹೆಸರು ಸರಿಯೇ ಎಂಬುದನ್ನು ನಿರ್ಣಯಿಸಲು ಹೂವು ಬೇಕು. ಲಿನ್ನೇಯಸನ ಕಾಲದಿಂದ ಸಸ್ಯಶಾಸ್ತ್ರದಲ್ಲಿ ಕುಲನಿರ್ಣಯಕ್ಕೆ ಹೂವೂ ಹಣ್ಣೂ ಬೀಜವೂ ಪ್ರಧಾನ ಪ್ರಮಾಣಗಳು, ಎಲೆಯು ಗೌಣ. ಈ ಬಳ್ಳಿಯಾದರೋ ಹೂವನ್ನೇ ಬಿಡಲಿಲ್ಲ. ಒಂದು ವರ್ಷವಲ್ಲ, ಹತ್ತು ವರ್ಷವಲ್ಲ. 1908ರಲ್ಲಿ ಬರ್ಲಿನ್ನಿನ ಎಂಗ್ಲರ್ ಎಂಬ ಮಹಾಪಂಡಿತನು ಇದನ್ನು ಪೋಥೊಸ್ ಕುಲದಿಂದ ಬಿಡಿಸಿ ‘ಸಿಂಡಾಪ್ಸಸ್’ ಎಂಬ ಕುಲಕ್ಕೆ ಸೇರಿಸಿದನು. ಸಂಸ್ಕೃತ ವೈದ್ಯಗ್ರಂಥಗಳ ಪರಿಚಯವಿರುವವರಿಗೆ ಇದೊಂದು ವಿನೋದದ ಸಂಗತಿ. ಏಕೆಂದರೆ ನಮ್ಮ ವೈದ್ಯರು ಬಳಸುವ ಗಜಪಿಪ್ಪಲಿಯನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿರುವುದೂ ಸಿಂಡಾಪ್ಸಸ್ ಕುಲದಲ್ಲಿಯೇ. ಸೀಸೆಯಲ್ಲಿ ಬೆಳೆಯುವ ಮನಿಪ್ಲಾಂಟು ಅರ್ಧ ಶತಮಾನಕ್ಕೂ ಮಿಕ್ಕು ಕಾಗದದ ಮೇಲೆ ಗಜಪಿಪ್ಪಲಿಯ ಸಹೋದರಿಯಾಗಿದ್ದಿತು!

ಕೊನೆಗೆ 1962ರಲ್ಲಿ ಅಮೆರಿಕದ ಫ್ಲಾರಿಡಾ ಪ್ರಾಂತದಲ್ಲಿ ಬಳ್ಳಿಯೊಂದು ಹೂಬಿಟ್ಟುದು ಪಂಡಿತರ ಕಣ್ಣಿಗೆ ಬಿದ್ದಿತು. ನಾಮಕರಣವಾಗಿ 82 ವರ್ಷಗಳು ಕಳೆದಿದ್ದುವು. ಹೂವೆಂದರೆ ಕಣ್ಣು ಸೆಳೆಯುವಂತಹದಲ್ಲ: ಒಂದು ದಂಡ, ಅದಕ್ಕೆ ಒತ್ತಾಗಿ ಅಂಟಿದ ಸಣ್ಣ ಹೂಗಳು, ಅದನ್ನು ಬಳಸಿದ ಒಂದು ಹಾಳೆ. ಅದನ್ನು ಪರೀಕ್ಷಿಸಿ ಮೊದಲು ‘ರಾಫಿಡೊಫೊರಾ’ ಎಂಬ ಮೂರನೆಯ ಕುಲಕ್ಕೆ ಸೇರಿಸಿದರು. 1964ರಲ್ಲಿ ಬಂಟಿಂಗ್ ಎಂಬ ವಿದ್ವಾಂಸನು ‘ಎಪಿಪ್ರೆಮ್ನಮ್’ ಎಂಬ ನಾಲ್ಕನೆಯ ಕುಲವೇ ಇದಕ್ಕೆ ತಕ್ಕುದೆಂದು ಸಾಧಿಸಿದನು. ಇಷ್ಟು ಸೂಕ್ಷ್ಮವೇಕೆಂದರೆ, ಈ ಕುಲಗಳಿಗೆ ಭೇದವಿರುವುದು ಅಂಡಾಶಯದ ಒಳಗೆ. ಸಿಂಡಾಪ್ಸಸ್‌ನಲ್ಲಿ ಒಂದೇ ಅಂಡಕ; ಎಪಿಪ್ರೆಮ್ನಮ್‌ನಲ್ಲಿ ಕೆಲವು, ಅವುಗಳಿಂದ ಆಗುವ ಬೀಜಗಳು ದಪ್ಪ; ರಾಫಿಡೊಫೊರಾದಲ್ಲಿ ಬೀಜಗಳು ಹೇರಳ, ಅತಿ ಸಣ್ಣವು. ಎಲೆಯನ್ನು ಎಷ್ಟು ತಿರುಗಿಸಿ ನೋಡಿದರೂ ಈ ವಿಷಯವು ತಿಳಿಯತಕ್ಕುದಲ್ಲ. ಅನಂತರವೂ ವಾದವು ನಿಲ್ಲದೆ, ಇದೇ ಕುಲದ ಬೇರೊಂದು ಬಳ್ಳಿಯೂ ಇದೂ ಒಂದೇ ಎಂದು ಕೆಲಕಾಲ ಸೇರಿಸಿದ್ದು, ಬೆಳವಣಿಗೆಯ ಕ್ರಮವನ್ನೆಲ್ಲ ನೋಡಿದ ಮೇಲೆ ಮತ್ತೆ ಬೇರೆ ಮಾಡಿದರು.

ಹುಟ್ಟೂರಿನ ಮಾತೂ ಹೀಗೆಯೇ. ಸಾಲೊಮನ್ ದ್ವೀಪದ್ದೆಂಬ ನಂಬಿಕೆಯು ಬಹುಕಾಲ ನಡೆಯಿತು. ಆ ದ್ವೀಪಗಳ ಹೆಸರಿನಿಂದ ಇದನ್ನು ಕರೆಯುವವರು ಇಂಗ್ಲಿಷಿನಲ್ಲಿ ಈಗಲೂ ಉಂಟು. ಆದರೆ ಇದರ ನಿಜವಾದ ತವರು ಟಹೀಟಿಯ ಪಕ್ಕದ ಮೊ-ಒ-ರೆಯಾ ಎಂಬ ಸಣ್ಣ ದ್ವೀಪವೆಂದು ಈಗಿನ ಸಸ್ಯಶಾಸ್ತ್ರಜ್ಞರ ನಿರ್ಣಯ. ಸಾಲೊಮನ್ ದ್ವೀಪಗಳಿಗೂ ಅದಕ್ಕೂ ನಡುವೆ ಎರಡು ಸಾವಿರ ಮೈಲಿಗೂ ಮಿಕ್ಕ ಕಡಲಿದೆ.

ಬಳ್ಳಿಯು ಏಕೆ ಹೂಬಿಡದು? ಇದಕ್ಕೆ ಉತ್ತರದ ಬೀಜವು ಬೇರೊಂದು ಕಡೆ ಬಿದ್ದಿದ್ದಿತು. ಜಪಾನಿನ ಭತ್ತದ ಗದ್ದೆಗಳಲ್ಲಿ ಕೆಲವು ಪೈರುಗಳು ಮಿತಿಮೀರಿ ಉದ್ದವಾಗಿ, ಬಲವಿಲ್ಲದೆ ಒರಗಿ ಸಾಯುವ ರೋಗವಿದ್ದಿತು. ಒಂದು ಬೂಷ್ಟು ಸ್ರವಿಸುವ ದ್ರವ್ಯವೇ ಇದಕ್ಕೆ ಕಾರಣವೆಂದು 1926ರಲ್ಲಿ ಕುರೊಸಾವಾ ಎಂಬವನು ತೋರಿಸಿದನು. ಆ ದ್ರವ್ಯಕ್ಕೆ ‘ಜಿಬ್ಬೆರೆಲಿನ್’ ಎಂಬ ಹೆಸರಾಯಿತು. ಗಿಡಗಳು ತಾವೂ ಇದನ್ನು ಮಿತವಾಗಿ ತಯಾರಿಸಿಕೊಂಡು ನೀಳವಾಗಲಿಕ್ಕೂ ಹಲವೆಡೆ ಹೂಬಿಡಲಿಕ್ಕೂ ಉಪಯೋಗಿಸುವುವೆಂದು ಮುಂದೆ ತಿಳಿಯಿತು. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಮನಿಪ್ಲಾಂಟಿನ ಬಳ್ಳಿಗೆ ಈ ದ್ರವ್ಯವನ್ನು ತಯಾರಿಸಿಕೊಳ್ಳುವ ಶಕ್ತಿಯೇ ಕುಂದಿದೆಯೆಂದು ಕಂಡುಬಂದಿತು. ಹೊರಗಿನಿಂದ ಅದನ್ನು ಕೊಡಲು ಬಳ್ಳಿಯು ಹೂಬಿಟ್ಟಿತು.

ಹೂವಿಲ್ಲದ ಬಳ್ಳಿಗೆ ಬೀಜವೆಲ್ಲಿಯದು? ಆದಕಾರಣ ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಇದು ಹೋದುದೆಲ್ಲ ಮುರಿದ ತುಂಡಾಗಿಯೇ. ನೆರೆಮನೆಯಿಂದ ಕದ್ದು ತಂದರೆ ಮಾತ್ರ ಐಶ್ವರ್ಯವು ಬರುವುದೆಂಬ ನಂಬಿಕೆಯೊಂದು ನಮ್ಮ ಜನರಲ್ಲಿ ಹಬ್ಬಿದೆ. ಶಾಸ್ತ್ರಾಧಾರವು ಇದಕ್ಕೆ ಎಲ್ಲಿಯೂ ಇಲ್ಲ; ಪರದ್ರವ್ಯಾಪಹರಣಕ್ಕೆ ಶಾಸ್ತ್ರವು ವಿಧಿಸಿದ ಫಲವು ಬೇರೆಯೇ ಇದೆ.

ಸೀಸೆಯಲ್ಲಿರುವುದು ಈ ಬಳ್ಳಿಯ ಬಾಲ್ಯವಷ್ಟೆ ಎಂಬುದು ಅನೇಕರಿಗೆ ತಿಳಿಯದು. ಅದೇ ತುಂಡನ್ನು ಹಿತ್ತಲಿನ ತೆಂಗಿನ ಬುಡದಲ್ಲಿ ನೆಟ್ಟರೆ, ಗೆಣ್ಣುಗೆಣ್ಣಿಗೆ ಬೇರನ್ನೂರಿ ಮರವನ್ನೇರುವುದು. ಏರಿದಂತೆ ಎಲೆಯು ಹಿಗ್ಗುವುದು. ಅಂಗೈಯಗಲದ್ದು ಮೊರದಗಲವಾಗಿ, ಕೆಲವೆಡೆ ಎರಡು ಮೊಳದುದ್ದವಾಗಿ, ಅಂಚು ಸೀಳಿಕೊಳ್ಳುವುದು. ಕೆಳಗೆ ಜೋತುಬಿಟ್ಟರೆ ಮತ್ತೆ ಎಲೆಯು ಕಿರಿದಾಗುವುದು. ಒಂದೇ ಬಳ್ಳಿಯ ಎರಡು ಎಲೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದೇ ಸಸ್ಯವೆಂದು ಯಾರೂ ಒಪ್ಪಲಾರರು. ಎಲೆಯನ್ನು ನಂಬಿ ಹೆಸರಿಟ್ಟವರು ಎಡವಿದುದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಗೃಹಸ್ಥನಿಗೆ ಗತಿಯೇನು? ಅವನ ಮನೆಯಲ್ಲಿ ಹೂವು ಬರುವುದಿಲ್ಲ. ಅಂಡಾಶಯವನ್ನು ಕೊಯ್ದು ನೋಡುವ ಉಪಕರಣವೂ ಇಲ್ಲ. ಆದರೂ ಕಣ್ಣಿಟ್ಟು ನೋಡುವವನಿಗೆ ಕೆಲವು ಗುರುತುಗಳಿವೆ. ಮನಿಪ್ಲಾಂಟಿನೊಡನೆ ಬಹಳವಾಗಿ ಬೆರೆತುಹೋಗಿರುವುದು ಫಿಲೊಡೆಂಡ್ರನ್ ಎಂಬ ಅಮೆರಿಕದ ಬಳ್ಳಿ. ಅದರದೂ ಹೃದಯದಾಕಾರದ ಎಲೆಯೇ. ಅದರ ಎಳೆಯ ಎಲೆಯು ಒಂದು ತೆಳುವಾದ ಪೊರೆಯೊಳಗಿಂದ ಬಿಚ್ಚಿಕೊಂಡು ಬರುವುದು. ಆ ಪೊರೆಯು ಒಣಗಿ ಗೆಣ್ಣಿನಲ್ಲಿ ಉಳಿಯುವುದು ಇಲ್ಲವೆ ಉದುರುವುದು. ಮನಿಪ್ಲಾಂಟಿನಲ್ಲಿ ಅಂತಹ ಪೊರೆಯಿಲ್ಲ. ಹೊಸ ಎಲೆಯು ಹಳೆಯ ಎಲೆಯ ತೊಟ್ಟಿನ ಮಗ್ಗುಲಿನಿಂದ ಸುರುಳಿಯಾಗಿ ಹೊರಡುವುದು, ಆ ತೊಟ್ಟಿನ ಮೇಲುಗಡೆ ಒಂದು ಕಾಲುವೆಯಿರುವುದು.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಗುರುತು ನಮ್ಮ ಅಡಿಗೆಯ ಮನೆಯಲ್ಲಿಯೇ ಇದೆ. ನಾಲ್ಕು ಕುಲಗಳನ್ನು ಸುತ್ತಿಬಂದರೂ ಈ ಬಳ್ಳಿಯ ದೊಡ್ಡ ವಂಶವು ಬದಲಾಗಲಿಲ್ಲ. ಅದು ನಮ್ಮ ಕೆಸುವಿನ ವಂಶ, ಸುವರ್ಣಗೆಡ್ಡೆಯ ವಂಶ. ದಂಡ, ಹಾಳೆಗಳ ಆ ಹೂವೇ ವಂಶದ ಲಾಂಛನ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಪತ್ರೊಡೆ ಮಾಡುವ ಹೆಂಗಸರು ಕೆಸುವಿನೆಲೆಗೆ ಹುಣಿಸೆಯ ಹುಳಿಯನ್ನು ಬೆರಸದೆ, ಚೆನ್ನಾಗಿ ಬೇಯಿಸದೆ ಬಡಿಸುವುದಿಲ್ಲ. ಬಡಿಸಿದರೆ ಗಂಟಲು ತುರಿಸುವುದೆಂದು ಬಲ್ಲರು. ಆ ತುರಿಕೆಗೆ ಕಾರಣವು ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಲವಣದ ಸೂಜಿಯಂತಹ ಹರಳುಗಳು. ಅವೇ ಹರಳುಗಳು ಮನಿಪ್ಲಾಂಟಿನ ಎಲೆ ಕಾಂಡಗಳಲ್ಲಿಯೂ ಇವೆ. ತೆವಳುವ ಮಗುವು ಎಲೆಯನ್ನು ಕಿತ್ತು ಅಗಿದರೆ ಬಾಯಿ ತುಟಿಗಳು ಉರಿದು ಊದಿಕೊಳ್ಳುವುವು. ನಾಯಿ ಬೆಕ್ಕುಗಳಿಗೂ ಇದೇ ಪಾಡು. ಇದೇ ವಂಶದ, ಬಿಳಿಚುಕ್ಕೆಗಳ ದೊಡ್ಡ ಎಲೆಯ ಡೀಫನ್‌ಬಾಕಿಯ ಎಂಬ ಕುಂಡದ ಗಿಡವು ಇದಕ್ಕಿಂತಲೂ ಕಠಿನ. ಅದನ್ನು ಅಗಿದವರ ನಾಲಗೆಯು ಊದಿ ಮಾತೇ ನಿಂತುಹೋಗುವುದರಿಂದ ಇಂಗ್ಲಿಷರು ಅದಕ್ಕೆ ಮೂಕರ ಕಬ್ಬೆಂಬ ಅರ್ಥದ ಹೆಸರನ್ನಿಟ್ಟಿದ್ದಾರೆ. ಕೆಸುವಿನ ಬಂಧುವೆಂದು ಒಂದು ಮಾತು ತಿಳಿದಿದ್ದರೆ ಯಾವ ಗೃಹಿಣಿಯೂ ಈ ಗಿಡಗಳನ್ನು ತೊಟ್ಟಿಲಿನ ಬಳಿ ಇಡಲಾರಳು. ವಂಶಜ್ಞಾನದ ಪ್ರಯೋಜನವು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದುದಲ್ಲ.

ಇನ್ನು ಬಾಗಿಲಿನ ಬಳಿಯ ಕತ್ತಿಯೆಲೆಯ ಗಿಡದ ವಿಚಾರ. ಇಂಗ್ಲಿಷರು ಇದನ್ನು ಹಾವಿನ ಗಿಡವೆಂದೂ, ಹಾಸ್ಯಕ್ಕೆ ಅತ್ತೆಯ ನಾಲಗೆಯೆಂದೂ ಕರೆಯುವರು. ಅತ್ತೆಯ ವಿಷಯದಲ್ಲಿ ಆ ದೇಶದ ಸೊಸೆ ಅಳಿಯಂದಿರ ಅಭಿಪ್ರಾಯವೂ ನಮ್ಮವರದಕ್ಕಿಂತ ಭಿನ್ನವಲ್ಲವೆಂದು ತೋರುತ್ತದೆ. ಇದರ ಹುಟ್ಟುನೆಲವು ಪಶ್ಚಿಮ ಆಫ್ರಿಕಾ. ಆದರೆ ಶಾಸ್ತ್ರೀಯವಾದ ಹೆಸರು ಹುಟ್ಟಿದುದು ಭಾರತದಲ್ಲಿ. ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಧಿಕಾರಿಯಾಗಿದ್ದ ಡೇವಿಡ್ ಪ್ರೇನ್ ಎಂಬವನು 1903ರಲ್ಲಿ ಬಂಗಾಳದ ಸಸ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನು ‘ಸಾನ್ಸೆವಿಯೇರಿಯಾ ಟ್ರೈಫ್ಯಾಸಿಯೇಟಾ’ ಎಂದು ಕರೆದನು. 2017ರಲ್ಲಿ ಆ ಕುಲವನ್ನೇ ‘ಡ್ರಸೀನಾ’ ಎಂಬುದರಲ್ಲಿ ವಿಲೀನಗೊಳಿಸಿದರು.

ಆಫ್ರಿಕದ ಈ ಗಿಡಕ್ಕೆ ನಮ್ಮ ದೇಶದಲ್ಲಿ ಒಬ್ಬ ಹತ್ತಿರದ ದಾಯಾದಿಯುಂಟು. ಒಣನೆಲದಲ್ಲಿ ಬೆಳೆಯುವುದು, ನಾರಿಗೆ ಹೆಸರಾದುದು. ಅದನ್ನು ಅನೇಕರು ಸಂಸ್ಕೃತದ ‘ಮೂರ್ವಾ’ ಎಂದು ಗುರುತಿಸಿದ್ದಾರೆ. ಮೂರ್ವೆಯ ನಾರಿನಿಂದ ಹೊಸೆದ ಬಿಲ್ಲಿನ ಹೆದೆಗೆ ಮೌರ್ವಿಯೆಂದು ಹೆಸರು; ಉಪನಯನದಲ್ಲಿ ಕ್ಷತ್ರಿಯ ವಟುವಿನ ಮೇಖಲೆಯು ಮೂರ್ವೆಯದಾಗಿರಬೇಕೆಂದು ಮನುಸ್ಮೃತಿಯ ವಿಧಿ. ಇಂಗ್ಲಿಷಿನಲ್ಲಿ ಈ ಗಿಡಗಳಿಗೆ ಹೆದೆಯ ನಾರೆಂಬ ಅರ್ಥದ ಹೆಸರೂ ಇದೆ. ಇಷ್ಟರಿಂದ ವಿಷಯವು ಸಿದ್ಧವಾಯಿತೆಂದು ಹೇಳುವಂತಿಲ್ಲ. ಅಮರಸಿಂಹನು ಕೊಟ್ಟಿರುವ ಪರ್ಯಾಯಗಳಲ್ಲಿ ‘ಗೋಕರ್ಣೀ’ ಎಂಬುದೊಂದು. ಹಸುವಿನ ಕಿವಿಯನ್ನು ಹೋಲುವ ಅಗಲವಾದ ಎಲೆಯನ್ನು ಅದು ಸೂಚಿಸುವುದಾದರೆ ಕತ್ತಿಯಂತಹ ಎಲೆಗೆ ಅದು ಹೇಗೆ ಹೊಂದೀತು? ಭಾರತ ಸರ್ಕಾರದ ಆಯುರ್ವೇದ ಔಷಧಕೋಶದಲ್ಲಿ ಮೂರ್ವೆಯೆಂದು ಅಂಗೀಕರಿಸಿರುವುದು ‘ಮಾರ್ಸ್‌ಡೇನಿಯಾ’ ಎಂಬ ಒಂದು ಬಳ್ಳಿಯನ್ನು; ಅದರ ಎಲೆಯೂ ಅಗಲ, ಅದರ ನಾರೂ ಬಲವಾದುದೇ. ಕೇರಳದ ಅಂಗಡಿಗಳಲ್ಲಿ ಮೂರ್ವೆಯೆಂದು ದೊರೆಯುವ ಬೇರು ಮೂರನೆಯದೊಂದು ಬಳ್ಳಿಯದು. ಹೆದೆಗೆ ನಾರು ಯಾವುದಾದರೂ ನಡೆದೀತು. ಕಷಾಯಕ್ಕೆ ಬೇರು ಯಾವುದಾದರೂ ನಡೆಯದು. ಹಳೆಯ ನಿಘಂಟುಕಾರರು ಗುಣವನ್ನೂ ಉಪಯೋಗವನ್ನೂ ಹಿಡಿದು ಹೆಸರುಗಳನ್ನು ಪೋಣಿಸಿದರೇ ಹೊರತು, ಒಂದು ಒಣಗಿದ ಕೊಂಬೆಯನ್ನಾಗಲಿ ಚಿತ್ರವನ್ನಾಗಲಿ ಮುಂದಿನವರಿಗೆ ಸಾಕ್ಷಿಯಾಗಿ ಬಿಡಲಿಲ್ಲ. ಅವರ ಪಾಂಡಿತ್ಯಕ್ಕೆ ಕೈಮುಗಿದೇ ಈ ನ್ಯೂನತೆಯನ್ನು ಹೇಳಬೇಕಾಗಿದೆ.

ಪೋಷಣೆಯಲ್ಲಿಯೂ ಈ ಎರಡು ಸಸ್ಯಗಳ ತವರಿನ ಭೇದವೇ ಎದ್ದು ಕಾಣುವುದು. ಮೊ-ಒ-ರೆಯಾದ ಬಳ್ಳಿಯು ಬೆಚ್ಚನೆಯ, ತೇವದ, ಮರಗಳ ನೆರಳಿನ ಕಾಡಿನದು. ಆದುದರಿಂದಲೇ ಅದಕ್ಕೆ ಪಡಸಾಲೆಯ ಮಬ್ಬು ಬೆಳಕೂ ಸೀಸೆಯ ನೀರೂ ಸಾಲುತ್ತವೆ. ತೀರ ಕತ್ತಲಲ್ಲಿಟ್ಟರೆ ಹೊಸ ಎಲೆಗಳಲ್ಲಿ ಹೊನ್ನಿನ ಮಚ್ಚೆಯು ಮಾಸಿ ಬರಿಯ ಹಸುರಾಗುವುದು. ಬೆಳಕು ಕಡಿಮೆಯಾದಾಗ ಎಲೆಯಲ್ಲಿ ಹಸುರಿಲ್ಲದ ಭಾಗವು ಬಳ್ಳಿಗೆ ದಂಡವಷ್ಟೆ. ಕತ್ತಿಯೆಲೆಯ ಗಿಡದ ಸ್ವಭಾವವು ಇದಕ್ಕೆ ವಿರುದ್ಧ. ಅದು ದಪ್ಪನಾದ ಎಲೆಯಲ್ಲಿಯೇ ನೀರನ್ನು ಕೂಡಿಟ್ಟುಕೊಳ್ಳುವುದು. ಹಗಲಿನ ಕಾವಿಗೆ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯಲ್ಲಿ ಅವನ್ನು ತೆರೆದು ಗಾಳಿಯಿಂದ ಇಂಗಾಲಾಮ್ಲವನ್ನು ಎಳೆದುಕೊಳ್ಳುವುದು. ಇದನ್ನು ಕೊಲ್ಲುವುದು ಅನಾದರವಲ್ಲ, ಆದರ. ನಿತ್ಯವೂ ಸ್ನಾನವಾದೊಡನೆ ತುಲಸಿಗೆ ನೀರೆರೆಯುವ ಕೈಯು ಅದೇ ಚೆಂಬಿನ ಮಿಕ್ಕ ನೀರನ್ನು ಈ ಕುಂಡಕ್ಕೂ ಸುರಿಯುವುದು. ಮೂರು ತಿಂಗಳಲ್ಲಿ ಬುಡವು ಕೊಳೆತು ಎಲೆಯು ಮಗುಚಿ ಬೀಳುವುದು. ಮಣ್ಣು ಪೂರ್ತಿಯಾಗಿ ಒಣಗಿದ ಮೇಲೆಯೇ ಇದಕ್ಕೆ ನೀರು; ಚಳಿಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಸಾಕು. ಹಳದಿ ಅಂಚಿನ ಜಾತಿಯನ್ನು ಎಲೆಯ ತುಂಡಿನಿಂದ ಬೆಳೆಸಿದವರು ಹೊಸ ಗಿಡದಲ್ಲಿ ಅಂಚು ಕಾಣದೆ ಮೋಸಹೋದೆವೆಂದು ಅಂಗಡಿಯವನನ್ನು ದೂರುವುದುಂಟು, ಅವನ ತಪ್ಪಿಲ್ಲ. ಹಳದಿಯ ಅಂಚು ಆ ಗಿಡದ ಹೊರಪದರದ ಗುಣ. ಎಲೆಯ ತುಂಡಿನಿಂದ ಏಳುವ ಹೊಸ ಮೊಳಕೆಯಲ್ಲಿ ಅದು ಉಳಿಯದು. ನೆಲದಡಿಯ ಗೆಡ್ಡೆಯನ್ನು ಪಾಲುಮಾಡಿ ನೆಟ್ಟರೆ ಮಾತ್ರ ಅಂಚು ಬರುವುದು.

ಬೇಸರವಾದ ಬಳ್ಳಿಯನ್ನು ಬೇಲಿಯಾಚೆ ಎಸೆಯುವ ವಾಡಿಕೆಯ ವಿಷಯದಲ್ಲಿ ಒಂದು ಸಂಗತಿಯನ್ನು ಹೇಳಬೇಕು. ಸಿಂಹಳದ ಕ್ಯಾಂಡಿ ನಗರದ ಹಿಂದೆ ಉಡವತ್ತಕೆಲೆ ಎಂಬ ರಕ್ಷಿತಾರಣ್ಯವಿದೆ. ಅಲ್ಲಿ ಮನಿಪ್ಲಾಂಟು ಕಾಡಿನ ನೆಲವನ್ನೆಲ್ಲ ಮುಸುಕಿ, ಮರಗಳನ್ನೇರಿ, ಸ್ಥಳದ ಸಸಿಗಳಿಗೆ ತಲೆಯೆತ್ತಲು ಎಡೆಗೊಡದೆ ಹಬ್ಬಿಕೊಂಡಿದೆ. ಹೂವಿಲ್ಲ, ಬೀಜವಿಲ್ಲ, ಹಕ್ಕಿಯೂ ಗಾಳಿಯೂ ಅದನ್ನು ಹರಡಲಿಲ್ಲ. ಮನುಷ್ಯರ ಕೈಯಿಂದ ಬಂದ ತುಂಡುಗಳೇ ಗೆಣ್ಣುಗೆಣ್ಣಿಗೆ ಬೇರುಬಿಟ್ಟುವು. ಸಿಂಹಳದ ಕಾಡಿನ ಹೆಸರನ್ನು ಹೊತ್ತು 1880ರಲ್ಲಿ ಬೆಲ್ಜಿಯಂನಿಂದ ಹೊರಟ ಬಳ್ಳಿಯು ಹೀಗೆ ಸಿಂಹಳದ ಕಾಡನ್ನೇ ಸೇರಿ, ಆ ಹೆಸರಿನ ನಿಜವಾದ ಒಡತಿಯಾದ ಕಾಡುಬಳ್ಳಿಯು ಏರುವಂತಹ ಮರಗಳನ್ನೇ ತಾನೂ ಏರುತ್ತಿದೆ.